ಬೇರೆ ಯಾರೂ ಕಾಣಲಿಲ್ಲ

ಹೊಳೆದಂಡೆಯ ಮಠದ ಹರಿಗೋಲು ಒಂದು ಬೆಳಿಗ್ಗೆ ತೇಲಿ ಹೋಯಿತು.

ಶಿಷ್ಯ ವಿರೂಪಯ್ಯ ಚುರುಕು ಬುದ್ಧಿಯವನು. ನಾಲಿಗೆ ಅದಕ್ಕಿಂತ ಚುರುಕು. ದಂಡೆಯಲ್ಲಿ ಅವನಿಗೆ ಕಂಡದ್ದು ಗೆಳೆಯ ಭರಮಪ್ಪ ಒಬ್ಬನೇ. ಬೇರೆ ಯಾರೂ ಕಾಣಲಿಲ್ಲ. ಹಾಗಾದರೆ ಹಗ್ಗ ಬಿಚ್ಚಿದವನು ಇವನೇ ಎಂದು ಲೆಕ್ಕ ಹಾಕಿದ. ಅಡುಗೆಮನೆಯಲ್ಲಿ ಹೇಳಿಯೂ ಬಂದ. ಬಾಯಿಂದ ಬಿದ್ದ ಮಾತಿಗೆ ಕಾಲು ಬರಲು ಎಷ್ಟು ಹೊತ್ತು?

ಮಧ್ಯಾಹ್ನದ ಪಂಕ್ತಿಯಲ್ಲಿ ಭರಮಪ್ಪನ ಪಕ್ಕ ಯಾರೂ ಕೂರಲಿಲ್ಲ.

ಸಂಜೆ ಎಮ್ಮೆ ಕಾಯುವ ಯಂಕವ್ವ ಬಂದಳು. ತನ್ನ ಎಮ್ಮೆ ಮೈ ಉಜ್ಜಿ ಹರಿಗೋಲು ಕಟ್ಟಿದ್ದ ಗೂಟ ಕಿತ್ತಿತು, ತಪ್ಪಾಯಿತು ಎಂದು ವಿರೂಪಯ್ಯನಿಗೆ ಕೈಮುಗಿದಳು. ಅವನ ಅನುಮಾನ ಅಲ್ಲೇ ಕರಗಿತು. ಆದರೆ ಭರಮಪ್ಪ ಮಠ ಬಿಟ್ಟು ಹೋಗಲು ಗಂಟು ಕಟ್ಟಿ, ಆಚೆ ದಂಡೆಯ ದೋಣಿಗೆ ಕಾಯುತ್ತ ಕೂತಿದ್ದ.

ವಿರೂಪಯ್ಯನಿಗೆ ಇದು ಒಗಟಾಯಿತು. ಗುರು ಅಡವಯ್ಯಜ್ಜನ ಬಳಿ ಹೋಗಿ ಎಲ್ಲ ಹೇಳಿದ.

“ಅಜ್ಜಾರ, ನನ್ನ ಅನುಮಾನ ಹೋತು. ಮತ್ತ ಅವ ಯಾಕ ಹೊಂಟಾನ?”

ಅಜ್ಜ ಎದುರಿನ ನೆಲ ತೋರಿಸಿದರು. “ಇಲ್ಲಿ ಗಡಿಗಿ ಐತೇನು?”

“ಇಲ್ರಿ.”

“ಹಂಗಾದ್ರ ನೆಲ?”

“ಖಾಲಿ ಐತ್ರಿ.”

ಅಜ್ಜ ಕೈಗೆ ಸಿಕ್ಕ ಗಡಿಗೆಯೊಂದನ್ನು ಅಲ್ಲಿಟ್ಟರು. “ಈಗ?”

“ಖಾಲಿ ಇಲ್ರಿ.”

“ಆ ಖಾಲೀನ ಯಾರು ಹೊರಗ ಹಾಕಿದ್ರು?”

ವಿರೂಪಯ್ಯನಿಗೆ ನಗು ಬಂತು. “ಯಾರೂ ಇಲ್ರಿ. ‘ಗಡಿಗಿ ಇಲ್ಲ’ ಅನ್ನೂದರ ಮ್ಯಾಲೆ ನಿಂತಿತ್ತು. ಗಡಿಗಿ ಬಂತು, ತಾನ ಹೋತು.”

ಅವನು ಗಡಿಗೆ ಎತ್ತಿದ, ನೆಲ ಖಾಲಿ. ಮತ್ತೆ ಇಟ್ಟ, ಖಾಲಿ ಇಲ್ಲ. ಇನ್ನೊಮ್ಮೆ ಎತ್ತಲು ಹೋದಾಗ ಅಜ್ಜ ಕೇಳಿದರು.

“ನಿನ್ನ ಅನುಮಾನನೂ ಹಂಗ ಹೋತು. ಅಡಗಿಮನ್ಯಾಗ ಏನಂದಿ? ‘ಬ್ಯಾರೆ ಯಾರೂ ಕಾಣಲಿಲ್ಲ, ಅದಕ್ಕ ಇವ ಇರಬೇಕು’ ಅಂದ್ಯೋ?”

ಕೈ ಅಲ್ಲೇ ನಿಂತಿತು. “ಇಲ್ರಿ. ‘ಭರಮಪ್ಪ ಹಗ್ಗ ಬಿಚ್ಯಾನ’ ಅಂದೆ.”

“‘ಕಾಣಲಿಲ್ಲ’ ನಿನ್ನ ಕಡೇನ ಉಳೀತು. ಅವರಿಗೆ ಬರೇ ‘ಬಿಚ್ಯಾನ’ ಕೊಟ್ಟಿ.”

“ಯಂಕವ್ವ ಅಲ್ಲಿ ಹೋಗಿ ಹೇಳಿದ್ರ ಆ ಮಾತು ಬೀಳೂದಿಲ್ಲೇನ್ರಿ?”

“ಎಮ್ಮಿನೂ ಕಿತ್ತೇತಿ, ಇವನೂ ಬಿಚ್ಯಾನ ಅಂತಾರ.”

ವಿರೂಪಯ್ಯನಿಗೆ ನಾಚಿಕೆಯಾಯಿತು. ಭಯವೂ ಆಯಿತು.

“ಹಂಗಾದ್ರ ಅದನ್ನ ತೆಗಿಯವ್ರು ಯಾರ್ರಿ?”

ಅಜ್ಜ ಹೊಳೆಯತ್ತ ನೋಡಿದರು.

“ಇಟ್ಟವ. ಓಡು, ದೋಣಿ ದಂಡಿಗೆ ಬರಾಕತ್ತೇತಿ.”