ಮೂರನೆಯ ಮಂಕರಿ

"ಗುರುಗಳೇ, ಒಬ್ಬನಿಗೆ ನೋವಾಗುತ್ತಿರುವುದು ಕಂಡರೆ ಅವನನ್ನು ಅಲ್ಲಿಂದ ದೂರ ಇಡುವುದು ಧರ್ಮವಲ್ಲವೇ?" ಎಂದು ಶಂಭುಲಿಂಗ ಕೇಳಿದ.

ಶಂಭುಲಿಂಗ ಮಠದ ಹಿರಿಯ ಶಿಷ್ಯ. ಯಾರು ಎಲ್ಲಿ ಮಲಗಬೇಕು, ಯಾರು ಯಾವ ಕೆಲಸ ಮಾಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವವನು ಅವನೇ.

"ಯಾರಿಗೆ ನೋವು?" ಎಂದರು ಗುರುಗಳು.

"ಹೋದ ಸುಗ್ಗಿಯಲ್ಲಿ ಬಂದನಲ್ಲ, ಆ ಕುಂಬಾರನಿಗೆ. ಅವನು ದೂರದವನು, ಮಾತಿನ ಧಾಟಿ ಬೇರೆ. ಅವನು ಬಾಯಿ ತೆರೆದರೆ ಸಾಕು, ಅಣಕಿಸುತ್ತಾರೆ. ಈಗ ಮಾತೇ ಬಿಟ್ಟಿದ್ದಾನೆ. ಎಲ್ಲರದೂ ಆದ ಮೇಲೆ ಒಬ್ಬನೇ ಉಣ್ಣುತ್ತಾನೆ. ಹಳ್ಳದಾಚೆ ತೋಟದ ಗುಡಿಸಲು ಖಾಲಿ ಬಿದ್ದಿದೆ. ಅಲ್ಲಿಗೆ ಕಳಿಸಿದರೆ ನೆಮ್ಮದಿಯಾಗಿ ಇರುತ್ತಾನೆ. ತಾವು ಹೂಂ ಎಂದರೆ ಇವತ್ತೇ ಕಳಿಸುತ್ತೇನೆ."

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೂರು ಎಂದು ಕೈಸನ್ನೆ ಮಾಡಿ ಈ ಕತೆ ಹೇಳಿದರು.

ಒಬ್ಬ ರೈತ ಹೆಂಗಸು ಹಿತ್ತಲಲ್ಲಿ ಏಳು ಕೋಳಿ ಸಾಕಿದ್ದಳು. ಆರು ಅಲ್ಲಿಯೇ ಮೊಟ್ಟೆಯೊಡೆದು ಬೆಳೆದವು. ಏಳನೆಯದು ಬೂದು ಬಣ್ಣದ ಹೇಂಟೆ. ಅದು ಅವಳ ತವರಿನದು. ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ ಕೋಳಿ. ಎರಡು ದಿನದ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದಳು. ಅದು ಬದುಕಿ, ಕಾವಿಗೆ ಕೂತು, ನಾಲ್ಕು ಮರಿ ಎಬ್ಬಿಸಿದರೆ ತಾಯಿಯ ಮನೆಯ ತಳಿ ಉಳಿಯುತ್ತದೆ ಎಂಬುದು ಅವಳ ಆಸೆ.

ಕೋಳಿ ಸಾಕುವುದು ಸುಲಭ ಎನ್ನುವವರು ಕೋಳಿ ಸಾಕಿದವರಲ್ಲ. ಹದ್ದಿನ ನೆರಳಿಗೆ ಕಣ್ಣಿಟ್ಟಿರಬೇಕು. ಗೂಡಿನಲ್ಲಿ ಕೀರಿ ನುಗ್ಗುವಷ್ಟು ಸಂದಿ ಬಿಡಬಾರದು. ಹೇನು ಹತ್ತಿದರೆ ಹೊರಳಾಡಲು ಒಲೆಯ ಬೂದಿ ಸುರಿಯಬೇಕು. ತೂಕಡಿಸುವ ಕೋಳಿ ಕಂಡರೆ ಆ ಗಳಿಗೆಯಲ್ಲೇ ಬೇರೆ ಮಾಡಬೇಕು. ಅವಳು ಇದೆಲ್ಲ ಬಲ್ಲವಳು. ಹೊರಗಿನ ಯಾವ ಬಾಯಿಗೂ ಒಂದು ಮರಿಯನ್ನೂ ಕೊಟ್ಟವಳಲ್ಲ.

ಕಷ್ಟ ಒಳಗಿನಿಂದ ಬಂತು. ಆರರಲ್ಲಿ ಒಂದು ಕರಿ ಹೇಂಟೆ ಇತ್ತು. ಅಂಗಳಕ್ಕೆ ನುಚ್ಚು ಚೆಲ್ಲಿದ ಕೂಡಲೇ ಅದು ಬೂದು ಹೇಂಟೆಯ ಕತ್ತಿಗೆ ಕುಕ್ಕುತ್ತಿತ್ತು. ನೀರಿನ ಬೋಗುಣಿಗೆ ಬಂದರೂ ಕುಕ್ಕು, ನೆರಳಿಗೆ ಬಂದರೂ ಕುಕ್ಕು. ಅದು ಕುಕ್ಕಿದ್ದನ್ನು ನೋಡಿ ಉಳಿದವೂ ಕಲಿತವು. ಗರಿ ಉದುರಿತು, ರಕ್ತ ಬಂತು. ರಕ್ತ ಕಂಡ ಮೇಲೆ ಕೋಳಿಗಳಿಗೆ ಕರುಣೆ ಇರುವುದಿಲ್ಲ.

ಹೆಂಗಸು ಬೂದು ಹೇಂಟೆಯನ್ನು ಹಿಡಿದು ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿದಳು. ಕೋಳಿ ಮುಚ್ಚುವ ದೊಡ್ಡ ಬಿದಿರು ಬುಟ್ಟಿ, ಮಂಕರಿ, ಮನೆಯಲ್ಲಿತ್ತು. ಅದರಡಿ ಮುಚ್ಚಿ ಮೇಲೆ ಕಲ್ಲು ಹೇರಿದಳು. ಕಾಳು, ನೀರು, ಹುತ್ತದಿಂದ ಕೆದಕಿ ತಂದ ಗೆದ್ದಲು, ಎಲ್ಲವನ್ನೂ ಅಲ್ಲಿಗೇ ಕೊಟ್ಟಳು. ಹತ್ತು ದಿನಕ್ಕೆ ಗಾಯ ಮಾಯಿತು. ಹೊರಗೆ ಬಿಟ್ಟಳು.

ಹತ್ತು ದಿನ ಕಾಣದ ಕೋಳಿ ಹಿಂಡಿಗೆ ಹೊಸ ಕೋಳಿಯೇ. ಮೊದಲಿಗಿಂತ ಜೋರಾಗಿ ಕುಕ್ಕಿದವು. ಮತ್ತೆ ಮಂಕರಿ. ಮತ್ತೆ ಅರಿಶಿನ. ಹೇಂಟೆ ಮೊಟ್ಟೆ ಇಡುವುದನ್ನು ಬಿಟ್ಟಿತು. ಮಂಕರಿ ಎತ್ತಿದರೂ ಕೂತಲ್ಲಿಂದ ಏಳದಾಯಿತು.

ಬೂದು ಹೇಂಟೆ ಮುಚ್ಚಿದಲ್ಲೇ ಇದೆ, ಇನ್ನು ಹಿತ್ತಲು ತಣ್ಣಗಿರುತ್ತದೆ ಎಂದುಕೊಂಡಳು. ಹಾಗಾಗಲಿಲ್ಲ. ಕರಿ ಹೇಂಟೆ ಕುಕ್ಕಲು ಮತ್ತೊಂದನ್ನು ಹುಡುಕಿಕೊಂಡಿತು. ಅದಕ್ಕೆ ಎರಡನೆಯ ಮಂಕರಿ ಬಂತು. ಎಂಟು ದಿನಕ್ಕೆ ಇನ್ನೊಂದರ ಬೆನ್ನು ಬೋಳಾಯಿತು. ಆಗ ಅವಳು ಬಿದಿರು ಹೆಣೆಯುವ ಮುದುಕಿಯನ್ನು ಕರೆಸಿ ಮೂರನೆಯ ಮಂಕರಿ ಹೇಳಿದಳು.

ಮುದುಕಿ ಹಿತ್ತಲನ್ನೊಮ್ಮೆ ನೋಡಿದಳು.

"ಏನವ್ವ, ಕೋಳಿ ಜಾಸ್ತಿ ಆದವಾ?"

"ಕೋಳಿ ಅಷ್ಟೇ ಇವೆ ಅಜ್ಜಿ. ಗಾಯ ಜಾಸ್ತಿ ಆದವು."

"ಕುಕ್ಕೋದು ಯಾವುದು?"

"ಅಗೋ, ಆ ಕರೀದು. ಎದೆ ಉಬ್ಬಿಸ್ಕೊಂಡು ನಿಂತಿದೆ ನೋಡು, ಪಟೇಲನ ಹಂಗೆ."

"ಅದನ್ನ ಒಂದು ದಿನವಾದ್ರೂ ಮುಚ್ಚಿದ್ದೀಯಾ?"

ಹೆಂಗಸಿಗೆ ಆ ಪ್ರಶ್ನೆಯೇ ವಿಚಿತ್ರ ಎನ್ನಿಸಿತು. "ಅದನ್ನ ಯಾಕೆ ಮುಚ್ಚಲಿ ಅಜ್ಜಿ? ದಿನಾ ಮೊಟ್ಟೆ ಇಡೋದು ಅದೊಂದೇ. ಮುಚ್ಚಿದರೆ ನಿಲ್ಲಿಸಿಬಿಡುತ್ತೆ."

"ಹಂಗಾದ್ರೆ ನಂಗೆ ಒಳ್ಳೇದೇ ಆಯ್ತು ಬಿಡು ತಾಯಿ," ಎಂದಳು ಮುದುಕಿ. "ನಾಲ್ಕನೇದಕ್ಕೂ ಈಗಲೇ ಬಿದಿರು ಸೀಳಿ ಇಟ್ಕೋತೀನಿ."

ಇಲ್ಲಿ ಶಂಭುಲಿಂಗ ನಕ್ಕ. ಗುರುಗಳು ನಗಲಿಲ್ಲ. ಮುಂದುವರಿಸಿದರು.

ಮುದುಕಿಯ ಮಾತು ಹೆಂಗಸಿಗೆ ನಾಟಿತು. ನಾಳೆ ಕರಿ ಹೇಂಟೆಯನ್ನು ಮುಚ್ಚೋಣ ಎಂದುಕೊಂಡಳು. ಬೆಳಿಗ್ಗೆ ಎದ್ದರೆ ಗೂಡಿನ ಹುಲ್ಲಿನಲ್ಲಿ ಬೆಚ್ಚನೆಯ ಮೊಟ್ಟೆ ಇತ್ತು. ಇವತ್ತೊಂದು ದಿನ ಇರಲಿ ಎಂದಳು. ಮರುದಿನವೂ ಮೊಟ್ಟೆ ಇತ್ತು. ಆ ದಿನವೂ ಇರಲಿ ಎಂದಳು. ಹೊಸ ಮಂಕರಿ ಇನ್ನೂ ಬಂದಿರಲಿಲ್ಲ. ಬೆನ್ನು ಬೋಳಾದ ಕೋಳಿಯನ್ನು ಮುಚ್ಚಲು ಮಂಕರಿ ಬೇಕಿತ್ತು. ಬೂದು ಹೇಂಟೆಯ ಗಾಯ ಹೇಗೂ ಮಾಯುತ್ತ ಬಂದಿದೆ ಎಂದು ಅದನ್ನು ಹೊರಗೆ ಬಿಟ್ಟು, ಅದರ ಜಾಗದಲ್ಲಿ ಇದನ್ನು ಮುಚ್ಚಿದಳು.

ಮೂರನೆಯ ದಿನ ಮೊಟ್ಟೆ ಎತ್ತಿಕೊಳ್ಳಲು ಹೋದಾಗ ಬೂದು ಹೇಂಟೆ ಗೂಡಿನ ಮೂಲೆಗೆ ತಲೆ ಒತ್ತಿಕೊಂಡು ನಿಂತಿತ್ತು. ತಿರುಗಿಸಿ ನೋಡಿದಳು. ಒಂದು ಕಣ್ಣು ಹೋಗಿತ್ತು.

ಅವಳು ಮೊಟ್ಟೆ ಮುಟ್ಟಲಿಲ್ಲ. ಕರಿ ಹೇಂಟೆಯನ್ನು ಹಿಡಿದು ಮಂಕರಿಯಡಿ ಮುಚ್ಚಿದಳು. ಉಳಿದ ಆರನ್ನೂ ಒಟ್ಟಿಗೆ ಬಿಟ್ಟಳು. ಕರಿ ಹೇಂಟೆ ದಿನವಿಡೀ ಕೂಗಿತು. ಅದು ಕೂಗುತ್ತಿದ್ದಷ್ಟು ಹೊತ್ತು ಉಳಿದವು ತಲೆ ತಗ್ಗಿಸಿ ಹೆಜ್ಜೆ ಇಟ್ಟವು. ಎರಡನೆಯ ದಿನದಿಂದ ಕೆದಕತೊಡಗಿದವು. ನಾಲ್ಕನೆಯ ದಿನ ಒಂಟಿಗಣ್ಣಿನ ಹೇಂಟೆ ಎಲ್ಲವುಗಳ ನಡುವೆ ನಿಂತು ನುಚ್ಚು ತಿಂದಿತು. ಯಾವುದೂ ಅದನ್ನು ಕುಕ್ಕಲಿಲ್ಲ. ಕುಕ್ಕುವುದು ಅವುಗಳ ಹುಟ್ಟುಗುಣವಾಗಿರಲಿಲ್ಲ, ಒಂದನ್ನು ನೋಡಿ ಕಲಿತದ್ದಾಗಿತ್ತು.

ಹತ್ತು ದಿನ ಕಳೆದು ಕರಿ ಹೇಂಟೆಯನ್ನು ಬಿಟ್ಟಳು. ಅದು ಮೊದಲಿನ ಹಾಗೆಯೇ ಎದೆ ಉಬ್ಬಿಸಿಕೊಂಡು ಕಾಳಿಗೆ ಬಂತು. ಯಾವ ಕೋಳಿಯೂ ಜಾಗ ಬಿಡಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಅಂಚಿನಲ್ಲಿ ಬಿದ್ದಿದ್ದ ನಾಲ್ಕು ಕಾಳು ತಿಂದಿತು. ಒಂದು ತಿಂಗಳು ಅದು ಮೊಟ್ಟೆ ಇಡಲಿಲ್ಲ. ಆ ತಿಂಗಳು ಆ ಮನೆಯಲ್ಲಿ ಬರೀ ಸೊಪ್ಪಿನ ಸಾರು. ಬೂದು ಹೇಂಟೆ ಆಮೇಲೆ ಕಾವಿಗೆ ಕೂತು ಐದು ಮರಿ ಎಬ್ಬಿಸಿತು. ಆದರೆ ಕಣ್ಣಿಲ್ಲದ ಬದಿಯಿಂದ ಬಂದ ಹದ್ದು ಅದಕ್ಕೆ ಕಾಣಲಿಲ್ಲ. ಉಳಿದದ್ದು ಎರಡು.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ತಲೆಯಾಡಿಸಿದ. "ಆ ಹೆಂಗಸು ದಡ್ಡಿ, ಗುರುಗಳೇ. ಮುದುಕಿ ಅಷ್ಟು ಬಿಡಿಸಿ ಹೇಳಿದ ಮೇಲೂ ಮೂರು ದಿನ ಕಾಯಬಹುದೇ?"

"ದಡ್ಡಿಯಲ್ಲ. ಬೆಳಿಗ್ಗೆ ಎದ್ದರೆ ಮನೆಮಂದಿಗೆ ಏನು ಬಡಿಸಲಿ ಎಂದು ಯೋಚಿಸುವವಳು, ನಿನ್ನ ಹಾಗೆ," ಎಂದರು ಗುರುಗಳು.

"ಸರಿ, ಗುರುಗಳೇ. ಹಾಗಾದರೆ ಕುಂಬಾರನನ್ನು ಗುಡಿಸಲಿಗೆ ಕಳಿಸುವುದು ಬೇಡವೇ?"

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಕುಂಬಾರನನ್ನು ಮೊದಲು ಅಣಕಿಸಿದವನ ಹಾಡು ಕೇಳಲು ನಮ್ಮ ಮಠಕ್ಕೆ ಎಷ್ಟು ಊರಿನವರು ಅಕ್ಕಿ ಹೊತ್ತು ಬರುತ್ತಾರೆ, ಶಂಭುಲಿಂಗ?"