ತಲೆಗೇರಿದ ಧ್ಯಾನ

ಕೆರೆದಂಡೆಯ ಗೋಣಿಮರದಲ್ಲಿ ಮುಸುವ ಜಾತಿಯ ಒಂದು ಕರಿಮೂತಿ ಕೋತಿ ಇತ್ತು. ಬೆನ್ನುಮೂಳೆಯ ಶಕ್ತಿಯನ್ನು ನೆತ್ತಿಗೇರಿಸುತ್ತೇನೆಂದು ಅದು ಊಟ ನಿದ್ದೆ ಬಿಟ್ಟು, ಉಸಿರು ಬಿಗಿಹಿಡಿದು ತಿಂಗಳುಗಟ್ಟಲೆ ಕುಳಿತಿತು. ಶಕ್ತಿ ಏರಿದ್ದೇನೋ ನಿಜ, ಇಳಿಯಲಿಲ್ಲ. ನೆತ್ತಿ ಉರಿಯಿತು, ಕಿವಿ ಗುಂಯ್‌ಗುಟ್ಟಿತು, ಕೈಕಾಲು ತನ್ನವೇ ಅನ್ನಿಸದಾಯಿತು. ಒಂದು ಬೆಳಿಗ್ಗೆ ಹಿಡಿತ ತಪ್ಪಿ, ಕೆಳಗೆ ಮೇಯುತ್ತಿದ್ದ ಮುದಿ ಎಮ್ಮೆಯ ಬೆನ್ನ ಮೇಲೆ ದೊಪ್ಪನೆ ಬಿತ್ತು.

"ಅಕ್ಕಾ, ನನಗೆ ಹುಚ್ಚು ಹಿಡಿಯುತ್ತಿದೆಯೋ ಏನೋ!" ಎಂದು ಮುಸುವ ಅತ್ತಿತು. ನಡೆದದ್ದೆಲ್ಲ ಹೇಳಿ, "ಇನ್ನೂ ಹೆಚ್ಚು ಧ್ಯಾನ ಮಾಡಿದರೆ ಸರಿಹೋದೀತೆ?" ಎಂದು ಕೇಳಿತು.

"ಮೇವು ಹೆಚ್ಚಾಗಿ ಹೊಟ್ಟೆ ಉಬ್ಬರಿಸಿದಾಗ ನಾನು ಇನ್ನಷ್ಟು ಮೇಯುವುದಿಲ್ಲ ತಮ್ಮಾ," ಎಂದಿತು ಎಮ್ಮೆ. "ಸದ್ಯಕ್ಕೆ ಧ್ಯಾನ ಸಾಕು. ಮೊದಲು ಹೊಟ್ಟೆಗೆ ಏನಾದರೂ ಹಾಕಿಕೋ. ಆಮೇಲೆ ನನ್ನ ಬೆನ್ನಿನ ಉಣ್ಣೆಹುಳ ಹೆಕ್ಕು."

ಇಷ್ಟು ದೊಡ್ಡ ಸಾಧಕನಿಗೆ ಇಂಥ ಕೆಲಸವೇ ಎಂದು ಮುಸುವ ಮುಖ ಊದಿಸಿಕೊಂಡಿತು. ಆದರೂ ಚಿಗುರು ತಿಂದು ಹೆಕ್ಕಲು ಕುಳಿತಿತು. ಮೊದಲ ದಿನ ಒಂದು ಹುಳವೂ ಬೆರಳಿಗೆ ಸಿಗಲಿಲ್ಲ. ನಾಲ್ಕನೆಯ ದಿನ ಹೆಕ್ಕುತ್ತಲೇ ನಿದ್ದೆಹೋಯಿತು. ಅದು ಏಳುವವರೆಗೂ ಎಮ್ಮೆ ಬಾಲ ಬೀಸದೆ ನಿಂತಿತು. ಮುಂಗಾರು ಬರುವಷ್ಟರಲ್ಲಿ ನೆತ್ತಿ ತಣ್ಣಗಾಗಿ, ಕೈಕಾಲಿಗೆ ಜೀವ ಬಂದಿತ್ತು.

"ಅಕ್ಕಾ, ಈಗ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೂರಲೇ?"

"ಕೂರು. ಹಸಿವಾದರೆ ಎದ್ದುಬಿಡು."

ಮುಸುವ ಕಣ್ಣು ಮುಚ್ಚಿತು. ಅಷ್ಟರಲ್ಲಿ ಆಚೆ ನೇರಳೆ ಹಣ್ಣು ಪಟಪಟನೆ ಉದುರುವ ಸದ್ದು ಕೇಳಿಸಿತು. ಅದು ನಗುತ್ತ ಎದ್ದು, "ನಿನಗೂ ತರುತ್ತೇನೆ ಅಕ್ಕಾ!" ಎಂದು ಕೂಗುತ್ತ ಓಡಿತು.