ಬಾಗು ಬಚ್ಚಿಟ್ಟ ಕೋಲು

ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದ ಕೋಲು ಮಾಡುವ ಮೌನೇಶಾಚಾರಿ ಮರವನ್ನು ಒಂದಿಷ್ಟು ಹೆರೆದು ಒಣಗಿ ಬಾಗುವಷ್ಟು ಬಾಗಲೆಂದು ಆರು ತಿಂಗಳು ಕೊಕ್ಕೆಗೆ ತೂಗುಹಾಕುತ್ತಿದ್ದ. ಆಮೇಲೆ ಮೇಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದಷ್ಟನ್ನು ಹೆರೆದು, ಮತ್ತೆ ತೂಗುಹಾಕುತ್ತಿದ್ದ.

ಹೀಗೆ ಮೂರು ವರ್ಷ ತೂಗಿದ ಒಂದು ಕೋಲಿಗೆ ಒಂಟಿತನ ಸಾಕಾಗಿಹೋಯಿತು. ಅದರ ಜೊತೆಗೆ ಬಂದವೆಲ್ಲ ಆಟಗಾರರ ಕೈ ಸೇರಿದ್ದವು.

"ಈ ಸಲ ಮೈ ಬಿಗಿಹಿಡಿದು ನೆಟ್ಟಗಿರುತ್ತೇನೆ," ಎಂದಿತು ಕೋಲು.

"ಬೇಡಪ್ಪ. ಬಾಗುವುದಿದ್ದರೆ ಇಲ್ಲೇ ಬಾಗು, ಅವನು ತಿದ್ದುತ್ತಾನೆ," ಎಂದಿತು ಕೊಕ್ಕೆ.

"ತಿದ್ದಿ ಮತ್ತೆ ನಿನ್ನ ಕೊರಳಿಗೇ ಕಟ್ಟುತ್ತಾನೆ."

ಕೋಲು ಉಸಿರು ಬಿಗಿಹಿಡಿದು ಮೇಜಿನ ಮೇಲೆ ಉರುಳಿತು. ಎಲ್ಲೂ ಕುಂಟಲಿಲ್ಲ. ಆಚಾರಿ ಮೆಚ್ಚಿ, ಕೊನೆಯ ಸಲ ತೆಳ್ಳಗೆ ಹೆರೆದು, ತುದಿಗೆ ತೊಗಲು ಅಂಟಿಸಿ, ಹೊಳಪು ಕೊಟ್ಟು ಆಟಗಾರನ ಕೈಗಿತ್ತ.

ಆ ಕೈಯ ಬಿಸುಪಿಗೆ ಕೋಲು ಮೈ ಸಡಿಲಬಿಟ್ಟಿತು. ಬಚ್ಚಿಟ್ಟಿದ್ದ ಬಾಗು ಹೊರಬಿತ್ತು. ಚೆಂಡು ಎತ್ತಲೋ ಹೋಯಿತು. ಆಟಗಾರ ಮರುದಿನವೇ ಕೋಲನ್ನು ತಂದು ಹಿಂದಿರುಗಿಸಿದ.

ಆಚಾರಿ ಅದನ್ನು ಉರುಳಿಸಿ ನೋಡಿ, ಬೆರಳಿನಿಂದ ಸವರಿದ. "ಆವತ್ತೇ ತೋರಿಸಿದ್ದರೆ ತಿದ್ದುತ್ತಿದ್ದೆನಲ್ಲೋ. ಈಗ ಹೆರೆಯೋಕೆ ಮರ ಎಲ್ಲಿದೆ?" ಎಂದು ಅದೇ ಕೊಕ್ಕೆಗೆ ತೂಗುಹಾಕಿದ.

ಈಗ ಅದು ಎಷ್ಟು ಬೇಕಾದರೂ ಬಾಗಬಹುದಿತ್ತು. ಯಾರೂ ಇಳಿಸಿ ನೋಡಲಿಲ್ಲ.